ಡೀಸೆಲ್ ಚೆಲ್ಲಿದಾಗ ಯಾವುದು ಕೈ ಹಿಡಿಯುತ್ತದೆ: ಮರಳೋ, ಮರದ ಹೊಟ್ಟೋ, ಆಯಿಲ್ ಪ್ಯಾಡೋ?

ಮುಹೂರ್ತಕ್ಕೆ ಇನ್ನೆರಡು ಗಂಟೆ. ಕರೆಂಟು ಹೋಗಿದೆ. ಕಲ್ಯಾಣ ಮಂಟಪದ ಹಿಂಬದಿಯ ಜನರೇಟರ್ ಕೋಣೆಗೆ ಹುಡುಗನೊಬ್ಬ ಕ್ಯಾನಿನಲ್ಲಿ ಡೀಸೆಲ್ ತರುತ್ತಾನೆ. ಹೊಸ್ತಿಲಲ್ಲಿ ಕಾಲು ಎಡವುತ್ತದೆ, ಇಪ್ಪತ್ತು ಲೀಟರ್ ನೆಲದ ಪಾಲಾಗುತ್ತದೆ. ಆಮೇಲೆ ನಡೆಯುವುದು ಯಾವ ಊರಾದರೂ ಒಂದೇ: ಒಬ್ಬರು ಪೈಪು ಹಿಡಿದು ನೀರು ಬಿಡುತ್ತಾರೆ, ಇನ್ನೊಬ್ಬರು ಸೋಪಿನ ಪುಡಿ ಎರಚುತ್ತಾರೆ, ಮತ್ತೊಬ್ಬರು ಹಳೇ ಬನಿಯನ್ ಹುಡುಕಿಕೊಂಡು ಹೋಗುತ್ತಾರೆ.

ಹೀಗೆ ನೀರು ಬಿಟ್ಟವರಲ್ಲಿ ನಾನೂ ಒಬ್ಬ. ಕಟ್ಟಡಗಳ ಉಸ್ತುವಾರಿ ಕೆಲಸಕ್ಕೆ ಸೇರಿದ ಹೊಸತು, ಒಂದು ಸಭಾಭವನದಲ್ಲಿದ್ದೆ. ಡೀಸೆಲ್ ಚೆಲ್ಲಿದ ಜಾಗದಿಂದ ಹತ್ತು ಹೆಜ್ಜೆಗೆ ಸಂಪು ಇತ್ತು, ಅದರ ಮುಚ್ಚಳ ನೆಲದ ಮಟ್ಟಕ್ಕೇ ಇತ್ತು. ನೀರಿನ ಮೇಲೆ ಡೀಸೆಲ್ ತೇಲುತ್ತದೆ ಎಂಬುದು ಗೊತ್ತಿರಲಿಲ್ಲವೆಂದಲ್ಲ, ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ. ನೀರು ಡೀಸೆಲನ್ನು ಹೊತ್ತುಕೊಂಡು ಹೋಗಿ ಮುಚ್ಚಳದ ಸಂದಿಯಿಂದ ಸಂಪಿಗೆ ಇಳಿಸಿತು. ಸಂಪು ಖಾಲಿ ಮಾಡಿ ಮೂರು ಸಲ ತೊಳೆಸಿದೆವು. ಓವರ್‌ಹೆಡ್ ಟ್ಯಾಂಕಿಗೆ ಹೋಗುವ ಪೈಪು ಬದಲಾಯಿಸಿದೆವು. ಟ್ಯಾಂಕರ್ ನೀರಿನ ಬಿಲ್ಲು ಚೆಲ್ಲಿದ ಡೀಸೆಲಿನ ಬೆಲೆಯ ಎಷ್ಟು ಪಟ್ಟಾಯಿತೋ, ಲೆಕ್ಕ ಹಾಕಲು ನನಗೆ ಈಗಲೂ ಧೈರ್ಯವಿಲ್ಲ.

ಇತ್ತೀಚೆಗೆ ಒಂದೇ ಪ್ರಶ್ನೆ ಮೂರು ಕಡೆಯಿಂದ ಬಂತು. ಒಂದು ಶಾಲೆಯ ಆಡಳಿತ ಸಮಿತಿ, ಒಂದು ಸಣ್ಣ ನರ್ಸಿಂಗ್ ಹೋಮ್, ಒಂದು ಅಪಾರ್ಟ್‌ಮೆಂಟಿನ ಸಂಘ. ಮೂವರಿಗೂ ಜನರೇಟರ್ ಇದೆ, ಮೂವರ ಪ್ರಶ್ನೆಯೂ ಇಷ್ಟೇ: ಡೀಸೆಲ್ ಚೆಲ್ಲಿದರೆ ಹೀರಿಸಲು ಏನು ತಂದಿಟ್ಟುಕೊಳ್ಳಬೇಕು? ಅಂಗಡಿಯವನು ದುಬಾರಿ ಪ್ಯಾಡು ತೋರಿಸುತ್ತಾನೆ, ಎಲೆಕ್ಟ್ರಿಷಿಯನ್ ಮರಳು ಸಾಕು ಅನ್ನುತ್ತಾನೆ, ವಾಚ್‌ಮನ್ ಮರದ ಹೊಟ್ಟು ಅನ್ನುತ್ತಾನೆ. ಮೂವರ ಮಾತಿನಲ್ಲೂ ಅರ್ಧ ಸತ್ಯವಿದೆ.

ಮೊದಲು ನೋಡಬೇಕಾದದ್ದು

ಚೆಲ್ಲಿದ್ದು ಯಾವ ಎಣ್ಣೆ ಎಂಬುದೇ ಮೊದಲ ಪ್ರಶ್ನೆ. ಪೆಟ್ರೋಲ್ ಆಗಿದ್ದರೆ ಈ ಹೋಲಿಕೆಯನ್ನೇ ಬದಿಗಿಡಿ. ಅದರ ಆವಿ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಹೊತ್ತಿಕೊಳ್ಳುತ್ತದೆ. ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದ್ದರಿಂದ ಹೊಗೆಯಂತೆ ಮೇಲೆ ಹೋಗದೆ ಮೆಟ್ಟಿಲಿಳಿದು ಬೇಸ್‌ಮೆಂಟಿನ ಮೂಲೆಯಲ್ಲಿ, ಲಿಫ್ಟಿನ ಗುಂಡಿಯಲ್ಲಿ ಕೂರುತ್ತದೆ. ಗಾಳಿಯಲ್ಲಿ ಶೇಕಡಾ ಒಂದೂವರೆಯಷ್ಟು ಆವಿ ಇದ್ದರೂ ಒಂದು ಕಿಡಿ ಸಾಕು. ಅಲ್ಲಿ ಲೈಟಿನ ಸ್ವಿಚ್ ಹಾಕಬಾರದು, ಆರಿಸಲೂಬಾರದು, ಫ್ಯಾನ್ ತಿರುಗಿಸಬಾರದು. ಜನರನ್ನು ಹೊರಗೆ ಕಳಿಸಿ, ದೂರದಲ್ಲಿರುವ ಮೇನ್ ಆಫ್ ಮಾಡಿ, 101 ಅಥವಾ 112ಕ್ಕೆ ಫೋನ್ ಮಾಡಿ. ಫೋನನ್ನೂ ಹೊರಗೆ ಬಂದ ಮೇಲೆಯೇ ಮಾಡಿ. ಅಗ್ನಿಶಾಮಕದವರು ನೊರೆ ಹಾಸಿ ಆವಿಯನ್ನು ಅದುಮುತ್ತಾರೆ. ನಮ್ಮ ಹತ್ತಿರ ಇರುವ ಯಾವ ಪುಡಿಗೂ ಆ ಕೆಲಸ ಬರುವುದಿಲ್ಲ. ಹೊಟ್ಟು ಸುರಿದರೆ ಪೆಟ್ರೋಲು ಕಣ್ಣಿಗೆ ಕಾಣದಂತಾಗುತ್ತದೆ ಅಷ್ಟೇ, ಆವಿ ಏಳುತ್ತಲೇ ಇರುತ್ತದೆ.

ಡೀಸೆಲಿಗೆ ಹಾಗೆಲ್ಲ ಬೆಂಕಿ ಹತ್ತುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಭಾರತೀಯ ಮಾನಕದ ಪ್ರಕಾರ ಡೀಸೆಲಿನ ಆವಿ ಹೊತ್ತಿಕೊಳ್ಳುವ ಉಷ್ಣತೆ 35 ಡಿಗ್ರಿಗಿಂತ ಕೆಳಗಿರಬಾರದು. ಸಾಮಾನ್ಯವಾಗಿ ಸಿಗುವ ಡೀಸೆಲ್ ಇದಕ್ಕಿಂತ ಮೇಲೆಯೇ ಇರುತ್ತದೆ ನಿಜ, ಆದರೆ ಕಾನೂನು ಕೊಡುವ ಭರವಸೆ 35ರದ್ದು ಮಾತ್ರ. ಮೇ ತಿಂಗಳಲ್ಲಿ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಶೀಟು ಹೊದಿಸಿದ ಜನರೇಟರ್ ಕೋಣೆ ಎಷ್ಟು ಕಾದಿರುತ್ತದೆಂದು ಅಲ್ಲಿನವರಿಗೆ ಹೇಳಬೇಕಾಗಿಲ್ಲ. ಸೈಲೆನ್ಸರ್ ಅಂತೂ ಅದಕ್ಕಿಂತ ಎಷ್ಟೋ ಪಟ್ಟು ಬಿಸಿ. ಹಾಗಾಗಿ ಓಡುತ್ತಿರುವ ಜನರೇಟರನ್ನು ಮೊದಲು ನಿಲ್ಲಿಸಿ.

ಎರಡನೆಯದು, ಎಣ್ಣೆ ಮುಂದೆ ಎಲ್ಲಿಗೆ ಹೋಗಲಿದೆ? ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದೇ, ಯಾರೂ ಕೇಳದ ಪ್ರಶ್ನೆಯೂ ಇದೇ. ಸಂಪು, ಚರಂಡಿ, ಲಿಫ್ಟ್ ಗುಂಡಿ, ಮಳೆನೀರಿನ ಇಂಗುಗುಂಡಿ: ಇವುಗಳಲ್ಲಿ ಯಾವುದು ಇಳಿಜಾರಿನ ಕಡೆಗಿದೆ? ಇಪ್ಪತ್ತು ಲೀಟರು ನುಣುಪಾದ ನೆಲದಲ್ಲಿ ಎರಡು ಮಿಲಿಮೀಟರ್ ದಪ್ಪಕ್ಕೆ ಹರಡಿದರೆ ಹತ್ತು ಚದರ ಮೀಟರ್ ಆವರಿಸುತ್ತದೆ, ಒಂದು ಸಣ್ಣ ಕೋಣೆಯಷ್ಟು. ಹೀರಿಸುವುದು ಹತ್ತು ನಿಮಿಷ ತಡವಾದರೂ ನಡೆದೀತು. ಒಡ್ಡು ಕಟ್ಟುವುದು ತಡವಾದರೆ ನನ್ನ ಸಂಪಿನ ಕತೆಯೇ.

ಉಳಿದ ಮೂರು ಬೇಗ ಹೇಳಿ ಮುಗಿಸುತ್ತೇನೆ. ನೆಲ ಯಾವುದು: ಗ್ರಾನೈಟೋ, ಶಹಾಬಾದ್ ಕಲ್ಲೋ, ಬರೀ ಸಿಮೆಂಟೋ, ಮರದ ವೇದಿಕೆಯೋ? ನೆಲ ಒಣಗಿದೆಯೋ ಒದ್ದೆಯೋ? ಮತ್ತೆ, ರಾತ್ರಿ ಹನ್ನೊಂದಕ್ಕೆ ಚೆಲ್ಲಿದರೆ ಸಲಿಕೆ ಹಿಡಿಯುವವರು ಯಾರು, ಎಣ್ಣೆ ಕುಡಿದ ಆ ರಾಶಿಯನ್ನು ಹೊರುವವರು ಯಾರು?

ಮರಳು

ಬೆಂಕಿ ಬಕೆಟ್ಟಿನ ನೆಪದಲ್ಲಿ ಪ್ರತಿ ಸಾರ್ವಜನಿಕ ಕಟ್ಟಡದಲ್ಲೂ ಇರುತ್ತದೆ, ಅದೇ ಇದರ ದೊಡ್ಡ ಗುಣ. (ಆ ಕೆಂಪು ಬಕೆಟ್ಟಿನೊಳಗೆ ಇಣುಕಿ ನೋಡಿದ್ದೀರಾ? ಅರ್ಧ ಮರಳು, ಅರ್ಧ ಎಲೆಅಡಿಕೆ ಉಗುಳು.) ಮರಳು ಉರಿಯುವುದಿಲ್ಲ, ಗಾಳಿಗೆ ಹಾರುವುದಿಲ್ಲ, ಭಾರವಾಗಿ ಕೂತು ಹರಿವನ್ನು ತಡೆಯುತ್ತದೆ.

ಆದರೆ ಹೀರುವುದಿಲ್ಲ. ಎಣ್ಣೆ ಕೂರುವುದು ಕಾಳುಗಳ ನಡುವಿನ ಸಂದಿಯಲ್ಲಿ ಮಾತ್ರ. ಸಂದಿಗಳೆಲ್ಲ ಪೂರ್ತಿ ತುಂಬಿದವು ಎಂದುಕೊಂಡರೂ ಇಪ್ಪತ್ತು ಲೀಟರ್ ಡೀಸೆಲಿಗೆ ಸುಮಾರು 80 ಕೆಜಿ ಮರಳು ಬೇಕು, ನಿಜವಾದ ನೆಲದ ಮೇಲೆ 100 ಕೆಜಿಗೆ ಕಡಿಮೆಯಾಗದು. ಡೀಸೆಲಿನ ತೂಕ ಹದಿನಾರೂವರೆ ಕೆಜಿ, ನೀವು ಬಳಿದು ಚೀಲಕ್ಕೆ ತುಂಬಿ ಹೊರಬೇಕಾದದ್ದು ಒಂದು ಕ್ವಿಂಟಾಲು ದಾಟಿದ ಹೊಲಸು. ಬಿಟ್ಟಿ ಸಿಕ್ಕಿದ್ದು ದುಬಾರಿಯಾಗುವುದು ಇಲ್ಲಿ. ಎಂ-ಸ್ಯಾಂಡ್ ಕೂಡ ನಡೆಯುತ್ತದೆ, ಒಣಗಿರಬೇಕಷ್ಟೇ. ಗ್ರಾನೈಟಿನ ಮೇಲೆ ಮರಳು ಹಾಕಿ ಗುಡಿಸಿದರೆ ಗೀರು ಬೀಳುತ್ತದೆ, ಎತ್ತಿ ತೆಗೆಯಬೇಕು.

ಒಡ್ಡು ಕಟ್ಟಲು ಇದಕ್ಕಿಂತ ಒಳ್ಳೆಯದಿಲ್ಲ, ಹೀರಿಸಲು ಇದಕ್ಕಿಂತ ಕೆಟ್ಟದ್ದಿಲ್ಲ. ಎರಡು ಕೆಲಸವನ್ನೂ ಒಂದೇ ಎಂದುಕೊಂಡಿರುವುದರಿಂದಲೇ ಮರಳಿನ ಬಗ್ಗೆ ಇಷ್ಟು ವಾದ.

ಮರದ ಹೊಟ್ಟು

ಊರಿಗೊಂದು ಸಾಮಿಲ್ ಇದೆ, ಚೀಲದ ಲೆಕ್ಕದಲ್ಲಿ ಸಿಗುತ್ತದೆ. ಒಣಗಿದ ಹೊಟ್ಟು ತನ್ನ ತೂಕದ ಎರಡು ಮೂರು ಪಟ್ಟು ಡೀಸೆಲ್ ಹಿಡಿದುಕೊಳ್ಳುತ್ತದೆ. ಹಾಗೆ ನೋಡಿದರೆ ಇಪ್ಪತ್ತು ಲೀಟರಿಗೆ ಏಳೆಂಟು ಕೆಜಿ ಸಾಕು, ಅಂದರೆ ಒಂದು ಗೋಣಿಚೀಲ. ಗ್ರಾನೈಟಿಗೂ ಟೈಲ್ಸಿಗೂ ಗೀರು ಬೀಳುವುದಿಲ್ಲ. ನಮ್ಮ ಮೆಕ್ಯಾನಿಕ್ ಶಾಪುಗಳು ತಲೆಮಾರುಗಳಿಂದ ಇದನ್ನೇ ನೆಚ್ಚಿಕೊಂಡಿರುವುದಕ್ಕೆ ಕಾರಣವಿದೆ.

ತೊಂದರೆ ಎರಡು. ಮೊದಲನೆಯದು, ಇದಕ್ಕೆ ಎಣ್ಣೆ ಮೇಲೆ ವಿಶೇಷ ಪ್ರೀತಿಯೇನೂ ಇಲ್ಲ, ನೀರು ಕಂಡರೆ ನೀರನ್ನೇ ಕುಡಿದು ಕೂರುತ್ತದೆ. ಜುಲೈ ತಿಂಗಳಲ್ಲಿ ಮಂಗಳೂರಿನ ಬೇಸ್‌ಮೆಂಟಿನಲ್ಲಿ ಹೊಟ್ಟು ಸುರಿದರೆ ನಿಮಗೆ ಸಿಗುವುದು ಗಂಜಿ. ಎರಡನೆಯದು ಬೆಂಕಿ. ಹೊಟ್ಟು ತಾನೇ ಉರಿಯುವ ವಸ್ತು, ಡೀಸೆಲ್ ಕುಡಿದ ಮೇಲೆ ಕೇಳಬೇಕೇ? ಹಾಕಿ, ಹದಿನೈದು ನಿಮಿಷ ಬಿಟ್ಟು, ಕೂಡಲೇ ಬಳಿದು ಹೊರಗೆ ಸಾಗಿಸುವುದಾದರೆ ಸರಿ. ‘ನಾಳೆ ಬೆಳಿಗ್ಗೆ ಗುಡಿಸೋಣ’ ಎನ್ನುವುದಾದರೆ ಬೇಡವೇ ಬೇಡ. ಇನ್ನೊಂದು ಸಣ್ಣ ವಿಷಯ: ಗಾಳಿಗೆ ಹಾರುವಷ್ಟು ನಯವಾದ ಪುಡಿ ತರಬೇಡಿ, ತುಸು ಒರಟಾದ ಹೊಟ್ಟು ಕೇಳಿ ತನ್ನಿ.

ತೆಂಗಿನ ನಾರಿನ ಪುಡಿ

ತಿಪಟೂರು, ಅರಸೀಕೆರೆ, ಗುಬ್ಬಿ ಕಡೆಯವರಿಗೆ ಇದು ನಾರಿನ ಕಾರ್ಖಾನೆಯ ಹಿಂದೆ ಗುಡ್ಡೆ ಬಿದ್ದಿರುವ ಕಂದು ಪುಡಿ. ಬೆಂಗಳೂರಿನವರಿಗೆ ಕೊಕೊಪೀಟ್. ಒಣಗಿದ್ದರೆ ಮರದ ಹೊಟ್ಟಿಗಿಂತ ಚೆನ್ನಾಗಿ ಹಿಡಿಯುತ್ತದೆ, ಹಗುರ, ನೆಲಕ್ಕೆ ಮೆತ್ತಗೆ. ಶಹಾಬಾದ್ ಕಲ್ಲಿನಂತಹ ಒರಟು ನೆಲದಲ್ಲಿ ಸಂದುಗೊಂದಿಗೂ ಇಳಿಯುತ್ತದೆ.

ಒಂದೇ ಕೊಂಕು. ನರ್ಸರಿಯಲ್ಲಿ ಸಿಗುವುದು ಒತ್ತಿ ಮಾಡಿದ ಇಟ್ಟಿಗೆ, ನೀರು ಹಾಕಿದರೆ ಉಬ್ಬಿ ಪುಡಿಯಾಗುತ್ತದೆ. ನೀರು ಕುಡಿದ ಪುಡಿಗೆ ಎಣ್ಣೆ ಹಿಡಿಯಲು ಜಾಗವಿರುವುದಿಲ್ಲ. ಆದ್ದರಿಂದ ಬಿಡಿ ಪುಡಿಯನ್ನೇ ತಂದು, ಎರಡು ದಿನ ಬಿಸಿಲಿಗೆ ಹರವಿ, ಮುಚ್ಚಳದ ಡ್ರಮ್ಮಿನಲ್ಲಿ ತುಂಬಿಡಿ. ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ಒಣಗಿಸಬೇಕು. ಇಷ್ಟು ಮಾಡುವವರಿದ್ದರೆ, ಕಡಿಮೆ ಖರ್ಚಿನ ದಾರಿಗಳಲ್ಲಿ ನನ್ನ ಓಟು ಇದಕ್ಕೇ. ಮಾಡುವವರಿಲ್ಲದಿದ್ದರೆ, ತೇವ ಹಿಡಿದ ಡ್ರಮ್ಮು ಕೊನೆಗೆ ಕುಂಡದ ಗಿಡಕ್ಕೇ ಹೋಗುತ್ತದೆ. ಬೆಂಕಿಯ ವಿಚಾರದಲ್ಲಿ ಹೊಟ್ಟಿಗೆ ಹೇಳಿದ್ದೆಲ್ಲ ಇದಕ್ಕೂ ಅನ್ವಯ.

ಜೇಡಿಯ ಹರಳು

ಬೆಕ್ಕು ಸಾಕಿದವರ ಮನೆಯಲ್ಲಿ ಕಂಡಿರುತ್ತೀರಿ, ಬೆಕ್ಕಿನ ಮಲಮೂತ್ರಕ್ಕೆ ತಟ್ಟೆಯಲ್ಲಿ ಹಾಕಿಡುವ ಮಣ್ಣಿನ ಹರಳು. ಕಾರ್ಖಾನೆಗಳಿಗೆ ಇದೇ ಜಾತಿಯ ಹರಳು ಇಪ್ಪತ್ತು ಇಪ್ಪತ್ತೈದು ಕೆಜಿ ಚೀಲಗಳಲ್ಲಿ ಬರುತ್ತದೆ. ಉರಿಯುವುದಿಲ್ಲ ಎಂಬುದು ಇದರ ಬಲ. ಹೆಚ್ಚುಕಡಿಮೆ ತನ್ನ ತೂಕದಷ್ಟೇ ಹೀರುತ್ತದೆ, ಅಂದರೆ ಇಪ್ಪತ್ತು ಲೀಟರಿಗೆ ಒಂದು ಚೀಲ. ವರ್ಷಗಟ್ಟಲೆ ಇಟ್ಟರೂ ಹುಳ ಹತ್ತುವುದಿಲ್ಲ, ಒಣಗಿದ ಕಡೆ ಇಟ್ಟರೆ ಸಾಕು. ಜನರೇಟರಿನ ಬಿಸಿ ಭಾಗಗಳ ಹತ್ತಿರ ನಾನು ಹೊಟ್ಟು ಬಿಟ್ಟು ಇದನ್ನೇ ಹಾಕಿಸುತ್ತೇನೆ. ಸಾಕುಪ್ರಾಣಿ ಅಂಗಡಿಯಲ್ಲಿ ತರುವುದಾದರೆ ಗಂಟು ಕಟ್ಟದ, ಸುವಾಸನೆ ಹಾಕದ ಬಗೆ ಕೇಳಿ. ಮಲ್ಲಿಗೆ ಪರಿಮಳದ್ದು ತಂದವರಿದ್ದಾರೆ. ಡೀಸೆಲ್ ಮತ್ತು ಮಲ್ಲಿಗೆ ಕೂಡಿದರೆ ಬರುವ ವಾಸನೆಗಿಂತ ಬರೀ ಡೀಸೆಲ್ಲೇ ವಾಸಿ.

ಆಯಿಲ್ ಪ್ಯಾಡ್

ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳನ್ನು ಒತ್ತಿ ಮಾಡಿದ ಹಾಳೆ. ನೀರನ್ನು ಮುಟ್ಟದೆ ಎಣ್ಣೆಯನ್ನು ಮಾತ್ರ ಹಿಡಿಯುವುದು ಇದರ ಹುಟ್ಟುಗುಣ. ನೀರಿನ ಮೇಲೆ ಹಾಸಿದರೆ ತೇಲಿಕೊಂಡೇ ಡೀಸೆಲ್ ಕುಡಿಯುತ್ತದೆ. ತನ್ನ ತೂಕದ ಹತ್ತು ಪಟ್ಟಿಗೂ ಹೆಚ್ಚು ಹಿಡಿಯುವುದರಿಂದ ನಮ್ಮ ಇಪ್ಪತ್ತು ಲೀಟರಿಗೆ ಎರಡು ಕೆಜಿಯೊಳಗಿನ ಪ್ಯಾಡ್ ಸಾಕು. ದಪ್ಪನೆಯ ಹಾಳೆಗಳಾದರೆ ಇಪ್ಪತ್ತರಿಂದ ಇಪ್ಪತ್ತೈದು. ಕೊನೆಗೆ ಉಳಿಯುವ ಕಸವೂ ಒಬ್ಬರು ಎತ್ತಿಕೊಂಡು ಹೋಗುವಷ್ಟೇ.

ಕೊಳ್ಳುವಾಗ ಬಣ್ಣ ನೋಡಿ. ಸಾಮಾನ್ಯವಾಗಿ ಬಿಳಿಯದು ಎಣ್ಣೆಗೆ ಮಾತ್ರ, ಬೂದು ಬಣ್ಣದ್ದು ನೀರನ್ನೂ ಕುಡಿಯುತ್ತದೆ, ಹಳದಿ ರಾಸಾಯನಿಕಗಳಿಗೆ. ನಿಮಗೆ ಬೇಕಾದ್ದು ಬಿಳಿ. ಜೊತೆಗೆ ಉದ್ದನೆಯ ದಿಂಬಿನಂತಹ ‘ಆಯಿಲ್ ಸಾಕ್’ ಸಿಗುತ್ತದೆ. ಅದನ್ನು ಸಂಪಿನ ಸುತ್ತಲೋ ಬಾಗಿಲ ಹೊಸ್ತಿಲಿಗೋ ಹಾಸಿದರೆ ಒಡ್ಡೂ ಆಯಿತು, ಹೀರಿದ್ದೂ ಆಯಿತು. ಬಿಸಿಲಿಗೆ ಇಟ್ಟರೆ ಎಳೆ ಸಡಿಲವಾಗಿ ಹಾಳಾಗುತ್ತದೆ, ಕತ್ತಲಲ್ಲಿಡಿ. ಉಜ್ಜಿದರೆ ಸ್ಥಿರವಿದ್ಯುತ್ ಹುಟ್ಟಬಹುದು, ಆದ್ದರಿಂದ ಪೆಟ್ರೋಲಿಗೆ ಇದನ್ನು ಮನೆಮದ್ದಿನಂತೆ ಬಳಸಬೇಡಿ.

ಬೆಲೆ? ನೂರು ಹಾಳೆಯ ಕಟ್ಟಿಗೆ ಕೆಲವು ಸಾವಿರ. ಮರಳಿನ ಪಕ್ಕದಲ್ಲಿಟ್ಟರೆ ಕಣ್ಣು ಕುಕ್ಕುತ್ತದೆ. ಆದರೆ ನೂರೂ ಒಂದೇ ಸಲ ಖರ್ಚಾಗುವುದಿಲ್ಲ. ಕ್ವಿಂಟಾಲು ಮರಳು ಬಳಿಯುವ ಇಬ್ಬರ ಅರ್ಧ ದಿನದ ಕೂಲಿಯನ್ನೂ ಆ ಕಸ ಸಾಗಿಸುವ ಖರ್ಚನ್ನೂ ಸೇರಿಸಿ ನೋಡಿದರೆ ಅಂತರ ಅಷ್ಟು ದೊಡ್ಡದಲ್ಲ. ಇದರ ನಿಜವಾದ ಕೊರತೆ ಬೇರೆ: ತಾಲ್ಲೂಕು ಕೇಂದ್ರದಲ್ಲಿ ಥಟ್ಟನೆ ಸಿಗದು. ಮೊದಲೇ ತರಿಸಿಟ್ಟಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹೊರಗಿನವರನ್ನು ಕರೆಯುವುದು

ಡೀಸೆಲ್ ಒಂದು ಬ್ಯಾರಲ್ಲಿನಷ್ಟು ಚೆಲ್ಲಿದ್ದರೆ, ಸಂಪಿಗೋ ಬಾವಿಗೋ ಚರಂಡಿಗೋ ಇಳಿದಿದ್ದರೆ, ಲಿಫ್ಟ್ ಗುಂಡಿಯಲ್ಲಿ ನಿಂತಿದ್ದರೆ ನಿಮ್ಮ ಸಲಿಕೆ ಕೆಳಗಿಡಿ. ಪಂಪು ಮತ್ತು ಟ್ಯಾಂಕರಿನೊಂದಿಗೆ ಬರುವ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಏಜೆನ್ಸಿಗಳು ಈ ಕೆಲಸಕ್ಕೆ ಇವೆ. ದುಬಾರಿ, ಬರುವುದಕ್ಕೆ ಹೊತ್ತು ಹಿಡಿಯುತ್ತದೆ. ಬೆಂಗಳೂರಿನಲ್ಲಿ ಗಂಟೆಗಳ ಮಾತು, ದೂರದ ಊರಾದರೆ ಒಂದು ದಿನವೇ ಆದೀತು. ಅವರು ಬರುವ ತನಕ ಒಡ್ಡು ಕಾಯುವ ಕೆಲಸ ನಿಮ್ಮದೇ. ಲಿಫ್ಟು ನಿಲ್ಲಿಸುವುದು, ಸಂಪಿನ ಮೋಟಾರಿನ ಫ್ಯೂಸ್ ತೆಗೆಯುವುದು ಕೂಡ. ಆಟೋಮ್ಯಾಟಿಕ್ ಮೋಟಾರು ಯಾರನ್ನೂ ಕೇಳದೆ ಡೀಸೆಲ್ ನೀರನ್ನು ಮೇಲಿನ ಟ್ಯಾಂಕಿಗೆ ಏರಿಸಿಬಿಡುತ್ತದೆ.

ಯಾರಿಗೆ ಯಾವುದು

ಶಾಲೆಯವರಿಗೆ: ನಿಮ್ಮದು ಸಣ್ಣ ಜನರೇಟರ್, ಒಂದು ಸಲಕ್ಕೆ ತರುವುದೇ ಹತ್ತಿಪ್ಪತ್ತು ಲೀಟರ್, ನೆಲ ಒಣ ಸಿಮೆಂಟು. ನಾಲ್ಕು ಬಕೆಟ್ ಒಣ ಮರಳು ಒಡ್ಡಿಗೆ, ಒಂದು ಡ್ರಮ್ ನಾರಿನ ಪುಡಿ ಅಥವಾ ಒರಟು ಹೊಟ್ಟು ಹೀರಿಸುವುದಕ್ಕೆ. ಇದಕ್ಕಿಂತ ಹೆಚ್ಚು ಖರ್ಚು ಬೇಡ. ಮಿಕ್ಕ ದುಡ್ಡಿನಲ್ಲಿ ಕ್ಯಾನು ಇಡುವ ಜಾಗದ ಕೆಳಗೆ ಅಂಚು ಎತ್ತರದ ತಗಡಿನ ಟ್ರೇ ಮಾಡಿಸಿ. ಮಕ್ಕಳನ್ನು ಮಾತ್ರ ಶುಚಿ ಕೆಲಸಕ್ಕೆ ಕರೆಯಬೇಡಿ.

ನರ್ಸಿಂಗ್ ಹೋಮಿಗೆ: ನಿಮಗೆ ಹೊತ್ತೇ ದುಡ್ಡು. ರೋಗಿಗಳನ್ನು ಹೊರಗೆ ಕಳಿಸುವುದು ಸುಲಭವಲ್ಲ, ಆಮ್ಲಜನಕದ ಸಿಲಿಂಡರುಗಳಿವೆ, ಎಸಿ ಕೊಳವೆಯೊಳಗೆ ವಾಸನೆ ಹೊಕ್ಕರೆ ವಾರ್ಡೆಲ್ಲ ಡೀಸೆಲ್. ಮೊದಲು ಎಸಿಯನ್ನು ನಿಲ್ಲಿಸಿ. ಬಿಳಿ ಪ್ಯಾಡು ಮತ್ತು ಸಾಕ್‌ಗೆ ಹಣ ಹಾಕಿ, ಜೊತೆಗೆ ಜನರೇಟರ್ ಹತ್ತಿರಕ್ಕೆ ಒಂದು ಚೀಲ ಜೇಡಿಯ ಹರಳು. ಹೊಟ್ಟು, ನಾರಿನ ಪುಡಿ ಒಳಗೆ ಬೇಡ, ದೂಳಿಗೂ ಬೆಂಕಿಗೂ.

ಅಪಾರ್ಟ್‌ಮೆಂಟಿನವರಿಗೆ ಮತ್ತು ಬೇಸ್‌ಮೆಂಟ್ ಇರುವ ಎಲ್ಲರಿಗೆ: ನಿಮ್ಮ ಉತ್ತರವನ್ನು ಮಳೆ ತೀರ್ಮಾನಿಸುತ್ತದೆ. ಬೇಸ್‌ಮೆಂಟಿಗೆ ನೀರು ನುಗ್ಗುವ ಕಟ್ಟಡವಾದರೆ ಪ್ಯಾಡ್ ಬಿಟ್ಟು ಬೇರೆ ದಾರಿಯಿಲ್ಲ. ನೀರು ಬರದ ಒಣ ಬೇಸ್‌ಮೆಂಟಾದರೆ ಹರಳಿನ ಎರಡು ಚೀಲ ಸಾಕು, ಪ್ಯಾಡ್ ಒಂದು ಸಣ್ಣ ಕಟ್ಟು ಸಂಪಿನ ಹತ್ತಿರಕ್ಕೆ. ಸಂಘದ ಸಭೆಯಲ್ಲಿ ‘ಇಷ್ಟು ವರ್ಷ ಚೆಲ್ಲಿಲ್ಲವಲ್ಲ’ ಎನ್ನುವವರು ಇದ್ದೇ ಇರುತ್ತಾರೆ. ಅವರನ್ನು ಕರೆದುಕೊಂಡು ಹೋಗಿ ಸಂಪಿನ ಮುಚ್ಚಳ ತೋರಿಸಿ.

ಹಳೆಯ ಗ್ರಂಥಾಲಯ, ರಂಗಮಂದಿರದಂತಹ ಮರದ ನೆಲದ ಕಟ್ಟಡಗಳಿಗೆ ವೇಗವೊಂದೇ ಮುಖ್ಯ. ಮರ ಕುಡಿಯುವ ಮೊದಲು ಪ್ಯಾಡ್ ಒತ್ತಬೇಕು. ಶಹಾಬಾದ್ ಕಲ್ಲು ಕೂಡ ಕುಡಿಯುತ್ತದೆ. ಮೇಲಿನದೆಲ್ಲ ತೆಗೆದ ಮೇಲೂ ಉಳಿಯುವ ಕಲೆಗೆ ಮುಲ್ತಾನಿ ಮಿಟ್ಟಿಯನ್ನು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ ಮೆತ್ತಿ, ಪ್ಲಾಸ್ಟಿಕ್ ಹೊದಿಸಿ ಒಂದು ದಿನ ಬಿಡಿ. ಆಮೇಲೆ ಹೊದಿಕೆ ತೆಗೆದು ಪೂರ್ತಿ ಒಣಗಿದ ಮೇಲೆ ಕೆರೆದು ತೆಗೆದು, ಬೇಕಾದರೆ ಇನ್ನೊಮ್ಮೆ ಮೆತ್ತಿ. ಟಾಯ್ಲೆಟ್ ಆಸಿಡ್ ಹಾಕಬೇಡಿ. ಶಹಾಬಾದ್ ಸುಣ್ಣದ ಕಲ್ಲು. ಆಸಿಡ್ ಬಿದ್ದರೆ ಕಲೆ ಹೋಗುವ ಮೊದಲು ಕಲ್ಲೇ ಹೋಗುತ್ತದೆ.

ಯಾವುದನ್ನು ಆರಿಸಿದರೂ

ಸುರಿಯುವುದು ಅಂಚಿನಿಂದ ನಡುವಿಗೆ. ನಡುವಿಗೇ ಸುರಿದರೆ ಎಣ್ಣೆ ಹೊರಕ್ಕೆ ಓಡುತ್ತದೆ. ಕೈಗೆ ನೈಟ್ರೈಲ್ ಗ್ಲೌಸು, ತೆಳು ರಬ್ಬರಿನದು ಡೀಸೆಲಿಗೆ ಮೆತ್ತಗಾಗುತ್ತದೆ. ವ್ಯಾಕ್ಯೂಮ್ ಕ್ಲೀನರ್ ತರಬೇಡಿ, ಅದರ ಮೋಟಾರಿನ ಕಿಡಿ ಆವಿಗೆ ಸಾಕು. ಸೋಪು ಕೊನೆಯ ಸುತ್ತಿಗೆ ಮಾತ್ರ, ಅದೂ ಬಕೆಟ್ಟು ಮಾಪಿನಲ್ಲಿ, ಆ ನೀರೂ ಚರಂಡಿಗಲ್ಲ.

ಎಣ್ಣೆ ಕುಡಿದ ರಾಶಿ ಮಾಮೂಲಿ ಕಸವಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಎಣ್ಣೆ ಅಂಶವಿರುವ ತ್ಯಾಜ್ಯವೂ ಇದೆ, ಒರೆಸಿದ ಬಟ್ಟೆಯೂ ಇದೆ. ಕಸದ ಗಾಡಿಗೆ ಹಾಕುವುದು, ಹಿತ್ತಲಲ್ಲಿ ಸುಡುವುದು, ಗಿಡದ ಬುಡಕ್ಕೆ ಹೂಳುವುದು ಮೂರೂ ತಪ್ಪು. ದಪ್ಪ ಚೀಲಕ್ಕೆ ಕಟ್ಟಿ, ಮುಚ್ಚಳದ ಡ್ರಮ್ಮಿನಲ್ಲಿ, ಬಿಸಿಲು ತಾಗದ ಹೊರಜಾಗದಲ್ಲಿಟ್ಟು ಮಂಡಳಿಯ ಅನುಮತಿ ಇರುವವರಿಗೇ ಕೊಡಬೇಕು. ಇಂಥದ್ದನ್ನು ವಿಲೇವಾರಿ ಮಾಡುವ ಘಟಕ ದಾಬಸ್‌ಪೇಟೆಯಲ್ಲಿದೆ. ನಿಮ್ಮ ಜನರೇಟರಿನ ಸರ್ವಿಸ್ ಮಾಡುವವರು ಹಳೆಯ ಎಂಜಿನ್ ಆಯಿಲ್ ಯಾರಿಗೆ ಕೊಡುತ್ತಾರೆಂದು ಕೇಳಿ ನೋಡಿ, ದಾರಿ ಅಲ್ಲಿಂದಲೇ ಸಿಗುತ್ತದೆ.

ತಂದಿಟ್ಟ ಸಾಮಾನು ಎಲ್ಲಿರಬೇಕು? ನಾನು ನೋಡಿದ ಹತ್ತರಲ್ಲಿ ಎಂಟು ಕಡೆ ಜನರೇಟರ್ ಕೋಣೆಯ ಒಳಗೇ ಇತ್ತು, ಒಂದು ಕಡೆ ಮ್ಯಾನೇಜರ ಕಪಾಟಿನಲ್ಲಿ ಬೀಗ ಹಾಕಿ. ಡೀಸೆಲ್ ಚೆಲ್ಲಿದ ರಾತ್ರಿ ಆ ಕೋಣೆಗೆ ಕಾಲಿಡಲಾಗದು, ಮ್ಯಾನೇಜರು ಊರಲ್ಲಿರುವುದಿಲ್ಲ. ಬಾಗಿಲ ಹೊರಗೆ, ವಾಚ್‌ಮನ್ ಕುರ್ಚಿಯ ಹತ್ತಿರ ಇಡಿ. ಸಲಿಕೆಯನ್ನು ಡ್ರಮ್ಮಿಗೆ ಸರಪಳಿ ಹಾಕಿ ಕಟ್ಟಿ, ಇಲ್ಲದಿದ್ದರೆ ಅದು ಮೊದಲ ವಾರವೇ ತೋಟದ ಕೆಲಸಕ್ಕೆ ಹೋಗಿರುತ್ತದೆ.